ಭ್ರೂಣವನ್ನು ಬಿಸಾಡುವ ಮೊದಲು ಹೆತ್ತವರಾಗಬೇಕಾದವರಿಗೆ ತಿಳಿಸಿ: ಮಹಾರಾಷ್ಟ್ರದ ಎಆರ್‌ಟಿ ಮಂಡಳಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ರಾಜ್ಯ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ (ಎಆರ್‌ಟಿ) ಮತ್ತು ಬಾಡಿಗೆ ತಾಯ್ತನ ಮಂಡಳಿ,
ಮಹಾರಾಷ್ಟ್ರ.

ವಿಷಯ: ಐವಿಎಫ್ (ದೇಹದ ಹೊರಗೆ ಗರ್ಭಧಾರಣೆ ಮಾಡಿಸುವ ಚಿಕಿತ್ಸೆ) ಭ್ರೂಣಗಳ ವರ್ಣತಂತು (ಕ್ರೋಮೊಸೋಮ್) ಪರೀಕ್ಷೆಯ ಫಲಿತಾಂಶವನ್ನು ದಂಪತಿಗೆ ತಿಳಿಯುವ ಭಾಷೆಯಲ್ಲಿ ವಿವರಿಸದೆಯೇ ಭ್ರೂಣಗಳನ್ನು ನಾಶಪಡಿಸುತ್ತಿರುವ ಬಗ್ಗೆ.

ಮಾನ್ಯರೇ,

ನಾನು ಮುಂಬಯಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ವಾಸ ಡೊಂಬಿವಲಿಯಲ್ಲಿ. ಉಡುಪಿ, ಕುಂದಾಪುರ, ವಿಜಯಪುರ, ಕಲಬುರಗಿ ಕಡೆಯಿಂದ ಬಂದು ನೆಲೆಸಿದವರ ಮನೆಗಳು ನಮ್ಮ ಸುತ್ತ ಬೇಕಾದಷ್ಟಿವೆ. ಯಾರ ಕೈಗಾದರೂ ಆಸ್ಪತ್ರೆಯ ಇಂಗ್ಲಿಷ್ ಕಾಗದ ಸಿಕ್ಕರೆ ಅದು ಕೊನೆಗೆ ನನ್ನ ಊಟದ ಮೇಜಿಗೆ ಬರುತ್ತದೆ. ಮೊದಲೆಲ್ಲ ಸಕ್ಕರೆ ಕಾಯಿಲೆಯ ರಿಪೋರ್ಟು, ಸ್ಕ್ಯಾನಿಂಗು, ವಿಮೆಯ ಪತ್ರ ಇಂಥವು ಬರುತ್ತಿದ್ದವು. ಈಗೀಗ ಐವಿಎಫ್ ಫೈಲುಗಳು ಬರತೊಡಗಿವೆ. ಈ ಪತ್ರದ ಮರಾಠಿ ಪ್ರತಿಯನ್ನು ನಿಮಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಕನ್ನಡದಲ್ಲಿ ಎಲ್ಲರೆದುರು ಬರೆಯುತ್ತಿರುವುದು, ಯಾರ ಸಂಕಟವನ್ನು ಹೇಳುತ್ತಿದ್ದೇನೋ ಅವರೂ ಅವರಂಥವರೂ ಓದಲಿ ಎಂಬ ಕಾರಣಕ್ಕೆ.

ಕಂಡದ್ದನ್ನು ಮೊದಲು ಹೇಳುತ್ತೇನೆ. ಮುಂಬಯಿಯ ಭಾಂಡುಪಿನ ದಂಪತಿ. ಗಂಡ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದಾನೆ, ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಆಕೆಗೆ 36 ವರ್ಷ. ಚೀಟಿಯ ದುಡ್ಡು ಎತ್ತಿ, ಬಳೆ ಅಡವಿಟ್ಟು ನಗರದ ಐವಿಎಫ್ ಕೇಂದ್ರವೊಂದಕ್ಕೆ ಹೋದರು. ಕೇಂದ್ರದ ಹೆಸರು ಇಲ್ಲಿ ಬೇಡ. ನನ್ನ ದೂರು ಒಂದು ಬಾಗಿಲಿನ ಮೇಲಲ್ಲ, ನಡೆದುಬಂದ ಪದ್ಧತಿಯ ಮೇಲೆ. ನಾಲ್ಕು ಭ್ರೂಣಗಳು ಐದನೆಯ ದಿನದವರೆಗೆ ಬೆಳೆದವು. ‘ಒಳ್ಳೆಯದನ್ನು ಆರಿಸಲು’ ವರ್ಣತಂತು ಪರೀಕ್ಷೆ ಮಾಡಿಸಿ ಎಂದರು, ಬೇರೆ ದುಡ್ಡು ಕಟ್ಟಿ ಮಾಡಿಸಿದರು. ಕೆಲವು ವಾರಗಳ ಮೇಲೆ ಫೋನು ಬಂತು: ಯಾವುದೂ ಸರಿಯಿಲ್ಲ, ಮುಂದಿನ ಸಲ ದಾನಿಯ ಅಂಡಾಣು ತೆಗೆದುಕೊಳ್ಳುವುದು ಒಳ್ಳೆಯದು.

ಫೈಲು ನನ್ನ ಬಳಿಗೆ ಬಂದದ್ದು ಅದಾದ ಮೇಲೆ. ವರದಿಯ ಮೊದಲ ಪುಟದಲ್ಲಿ ಕೆಂಪು ಅಕ್ಷರದಲ್ಲಿ ಒಂದು ಸಾಲು: ಗರ್ಭಕೋಶಕ್ಕೆ ವರ್ಗಾಯಿಸಲು ಯೋಗ್ಯ ಭ್ರೂಣ ಇಲ್ಲ. ಹಿಂದಿನ ಪುಟಗಳಲ್ಲಿ ಬೇರೆಯೇ ಸಂಗತಿ ಇತ್ತು. ಎರಡು ಭ್ರೂಣಗಳಲ್ಲಿ, ಜೀನುಗಳನ್ನು ಹೊತ್ತಿರುವ ವರ್ಣತಂತುಗಳ ಲೆಕ್ಕ ಪೂರ್ತಿ ತಪ್ಪಿತ್ತು, ಅದರಲ್ಲಿ ತಕರಾರಿಲ್ಲ. ಇನ್ನೆರಡನ್ನು ‘ಮೊಸಾಯಿಕ್’, ಅಂದರೆ ಸರಿ ಮತ್ತು ತಪ್ಪು ಕೋಶಗಳು ಬೆರೆತದ್ದು ಎಂದು ಬರೆದಿದ್ದರು. ಅವುಗಳಲ್ಲಿ ಒಂದರಲ್ಲಿ ಒಂದೇ ವರ್ಣತಂತುವಿನ ಏರುಪೇರು, ಅದೂ ಕೆಳಮಟ್ಟದ್ದು. ನಾಲ್ಕನ್ನೂ ಒಂದೇ ದಿನ ನಾಶಪಡಿಸಿದ ನಮೂದು ಕೊನೆಯಲ್ಲಿತ್ತು.

“ಅದರಲ್ಲಿ ಅರ್ಧಂಬರ್ಧ ಸರಿ ಇದ್ದದ್ದೂ ಇತ್ತಾ ಟೀಚರೇ?” ಎಂದು ಹೆಂಡತಿ ಕೇಳಿದಳು. ನಾನು ವರದಿಯ ಕೋಷ್ಟಕವನ್ನು ಬಿಡಿಸಿ ಹೇಳಿದೆ. “ನಮ್ಗೆ ಯಾರೂ ಹೇಳ್ಲೇ ಇಲ್ಲ. ಸೈನು ಮಾಡಿ ಅಂದ್ರು, ಮಾಡಿದ್ವಿ.” ಸಹಿ ಹಾಕಿದ ಒಪ್ಪಿಗೆ ಪತ್ರ ಫೈಲಿನಲ್ಲೇ ಇತ್ತು. ಪೂರ್ತಿ ಇಂಗ್ಲಿಷು. ‘ಅಸಹಜ ಭ್ರೂಣಗಳನ್ನು ವಿಲೇವಾರಿ ಮಾಡಬಹುದು’ ಎಂಬ ಚೌಕಕ್ಕೆ ಮೊದಲೇ ಅಚ್ಚಿನಲ್ಲಿ ಗುರುತು ಹಾಕಿಟ್ಟಿತ್ತು. ತಾರೀಕು ಅಂಡಾಣು ಹೊರತೆಗೆದ ದಿನದ್ದು. ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಆಪರೇಷನ್ ಗೌನು ತೊಡಿಸಿದ ಮೇಲೆ ಸಹಿ ತೆಗೆದುಕೊಂಡರೆಂದು ಆಕೆ ಹೇಳುತ್ತಾಳೆ. ಅವರ ಜೊತೆ ನಾನೂ ಕೇಂದ್ರಕ್ಕೆ ಹೋದೆ. ಕೌಂಟರಿನಲ್ಲಿ ಸಿಕ್ಕ ಉತ್ತರ: “ಫಾರ್ಮಿನಲ್ಲಿ ಎಲ್ಲಾ ಇದೆ.” ಒಳಗಿನಿಂದ ಬಂದ ಲ್ಯಾಬಿನ ಹುಡುಗಿಯೊಬ್ಬಳು ಮಾತ್ರ ಕೂತು ಸಮಾಧಾನದಿಂದ ಮಾತಾಡಿದಳು. ಮೊಸಾಯಿಕ್ ಭ್ರೂಣಗಳನ್ನು ಇಡಬೇಕೋ ಬೇಡವೋ ಎಂಬುದು ತನ್ನ ಕೈಯಲ್ಲಿಲ್ಲ ಎಂದಳು. ನಂಬಿದೆ. ಇಂಥ ಹುಡುಗಿಯರಿಗೆ ಪಾಠ ಹೇಳಿದವಳೇ ನಾನು.

ಮಾನ್ಯರೇ, ‘ಅಸಹಜ’ ಎಂಬ ಒಂದೇ ಹಣೆಪಟ್ಟಿಯ ಕೆಳಗೆ ಎರಡು ಬೇರೆಬೇರೆ ತಪ್ಪುಗಳನ್ನು ತುರುಕಲಾಗುತ್ತಿದೆ. ನಿಮ್ಮಲ್ಲಿ ವೈದ್ಯರಿದ್ದಾರೆ, ಅವರಿಗೆ ಇದು ಗೊತ್ತಿದ್ದದ್ದೇ. ಆದರೆ ಈ ಪತ್ರವನ್ನು ಓದುವ ಹೊಲಿಗೆಯವಳಿಗೆ ಯಾರೂ ಹೇಳಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲನೆಯ ತಪ್ಪು ಅಂಡಾಣುವಿನಲ್ಲೇ ಆಗುವಂಥದ್ದು. ಹೆಣ್ಣುಮಗು ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರ ಅಂಡಾಣುಗಳು ತಯಾರಾಗಿ, ವಿಭಜನೆಯ ಅರ್ಧದಲ್ಲಿ ನಿಂತುಬಿಡುತ್ತವೆ. ಹುಟ್ಟುವಾಗ 10ರಿಂದ 20 ಲಕ್ಷ ಇರುತ್ತವೆ, ಮೈನೆರೆಯುವ ಹೊತ್ತಿಗೆ 3-4 ಲಕ್ಷ ಉಳಿಯುತ್ತವೆ, ಬದುಕಿನುದ್ದಕ್ಕೂ ಬಿಡುಗಡೆಯಾಗುವುದು ಸುಮಾರು 400. ನಿಂತ ವಿಭಜನೆ ಮುಂದುವರಿಯುವುದು ಆ ಅಂಡಾಣುವಿನ ಸರದಿ ಬಂದ ತಿಂಗಳಲ್ಲಿ, ಅಂದರೆ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ವರ್ಷದ ಮೇಲೆ. ಅಷ್ಟೂ ಕಾಲ ವರ್ಣತಂತುಗಳನ್ನು ಜೊತೆಯಾಗಿ ಹಿಡಿದಿಡುವುದು ಕೊಹೀಸಿನ್ ಎಂಬ ಪ್ರೋಟೀನು. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಂತೆ, ಹುಟ್ಟುವ ಮೊದಲು ಕೂಡಿಸಿಟ್ಟ ಕೊಹೀಸಿನ್ ಮುಂದೆ ಹೊಸದಾಗಿ ಭರ್ತಿಯಾಗುವುದಿಲ್ಲ, ವಯಸ್ಸಾದಂತೆ ಕಡಿಮೆಯಾಗುತ್ತದೆ. ಹಿಡಿತ ಸಡಿಲವಾದಾಗ ವರ್ಣತಂತುಗಳು ಹಂಚಿಕೆಯಲ್ಲಿ ತಪ್ಪುತ್ತವೆ. ಇಂಥ ಅಂಡಾಣುವಿನಿಂದ ಆದ ಭ್ರೂಣದ ಪ್ರತಿ ಕೋಶದಲ್ಲೂ ಅದೇ ತಪ್ಪು ಇರುತ್ತದೆ. ಇದು ಆಕೆ ಏನು ತಿಂದಳು, ಎಷ್ಟು ಮಹಡಿ ಹತ್ತಿದಳು ಎಂಬುದರಿಂದ ಆಗುವುದಲ್ಲ. ಪಪ್ಪಾಯಿ ತಿಂದದ್ದಕ್ಕೆ ಹೀಗಾಯಿತು ಎಂದು ಊರಿನಿಂದ ಫೋನು ಮಾಡಿ ಹೇಳುವ ಅತ್ತೆಯಂದಿರು ಇದನ್ನು ದಯವಿಟ್ಟು ಎರಡು ಸಲ ಓದಬೇಕು.

ಎರಡನೆಯ ತಪ್ಪು ಗರ್ಭಧಾರಣೆಯ ನಂತರದ್ದು. ವೀರ್ಯಾಣು ಒಳಹೊಕ್ಕೊಡನೆ ಅದು ತಂದ ಪಿಎಲ್‌ಸಿ-ಝೀಟಾ ಎಂಬ ಪ್ರೋಟೀನು ಅಂಡಾಣುವಿನೊಳಗೆ ಕ್ಯಾಲ್ಸಿಯಂ ಮಟ್ಟವನ್ನು ಮತ್ತೆಮತ್ತೆ ಏರಿಸಿ ಇಳಿಸುತ್ತದೆ. ಎರಡನೆಯ ಸಲ ನಿಂತಿದ್ದ ಅಂಡಾಣು ಆಗ ಮುಂದಕ್ಕೆ ಹೊರಡುತ್ತದೆ. ಕೋಶವಿಭಜನೆಯ ನೂಲುಗಳನ್ನು ಸಂಘಟಿಸುವ ಸೆಂಟ್ರಿಯೋಲ್ ಮನುಷ್ಯರಲ್ಲಿ ತಂದೆಯ ಕಡೆಯಿಂದ ಬರುತ್ತದೆ (ಇಲಿಯಲ್ಲಿ ಹಾಗಿಲ್ಲ, ಇಲಿಯನ್ನು ನೋಡಿ ಮನುಷ್ಯನನ್ನು ಪೂರ್ತಿ ಅರಿಯಲಾಗದು ಎಂದು ತರಗತಿಯಲ್ಲಿ ಹೇಳಲು ನನಗೆ ಇದೇ ಉದಾಹರಣೆ ಇಷ್ಟ). ಮೊದಲ ಎರಡು ಮೂರು ದಿನ ಭ್ರೂಣದ ಸ್ವಂತ ಜೀನುಗಳು ಬಹುಮಟ್ಟಿಗೆ ಸುಮ್ಮನಿರುತ್ತವೆ, ತಾಯಿ ಅಂಡಾಣುವಿನಲ್ಲಿ ಮೊದಲೇ ತುಂಬಿಟ್ಟ ಆರ್‌ಎನ್‌ಎ ಮತ್ತು ಪ್ರೋಟೀನುಗಳಿಂದಲೇ ಕೆಲಸ ಸಾಗುತ್ತದೆ. ಮನುಷ್ಯ ಭ್ರೂಣದ ಜೀನುಗಳು ದೊಡ್ಡ ಪ್ರಮಾಣದಲ್ಲಿ ಎಚ್ಚೆತ್ತುಕೊಳ್ಳುವುದು ನಾಲ್ಕರಿಂದ ಎಂಟು ಕೋಶಗಳ ಹಂತದಲ್ಲಿ, ಸುಮಾರು ಮೂರನೆಯ ದಿನ. ಇಲಿಯಲ್ಲಿ ಎರಡು ಕೋಶಗಳ ಹಂತದಲ್ಲೇ ಇದು ಆಗುತ್ತದೆ. ಈ ಮೊದಲ ವಿಭಜನೆಗಳಲ್ಲಿ ವರ್ಣತಂತು ಹಂಚಿಕೆಯ ತಪಾಸಣೆ ಸಡಿಲ. ಹಾಗಾಗಿ ಒಂದು ಕೋಶದಲ್ಲಿ ಲೆಕ್ಕ ತಪ್ಪಿ, ಅದರ ಸಂತತಿ ತಪ್ಪಾಗಿಯೂ ಉಳಿದ ಕೋಶಗಳ ಸಂತತಿ ಸರಿಯಾಗಿಯೂ ಬೆಳೆಯಬಹುದು. ಸರಿ ಮತ್ತು ತಪ್ಪು ಕೋಶಗಳು ಬೆರೆತ ಇಂಥ ಭ್ರೂಣವೇ ಮೊಸಾಯಿಕ್. ಐವಿಎಫ್ ಭ್ರೂಣಗಳಲ್ಲಿ ಇದು ಅಪರೂಪವೇನಲ್ಲ.

ಐದನೆಯ ದಿನಕ್ಕೆ ಭ್ರೂಣ ಬ್ಲಾಸ್ಟೊಸಿಸ್ಟ್ ಆಗಿರುತ್ತದೆ. ಹೊರಗಡೆ ಒಂದು ಪದರ, ಒಳಗೆ ಒಂದು ಮೂಲೆಯಲ್ಲಿ ಕೋಶಗಳ ಗುಂಪು. ತಾನು ಹೊರಗಿದ್ದೇನೆಯೋ ಒಳಗಿದ್ದೇನೆಯೋ ಎಂಬುದನ್ನು ಪ್ರತಿ ಕೋಶವೂ ಅಕ್ಕಪಕ್ಕದ ಸ್ಪರ್ಶದಿಂದ ಗ್ರಹಿಸಿ, ಅದಕ್ಕೆ ತಕ್ಕಂತೆ ಯಾವ ಜೀನು ಹೊತ್ತಿಸಬೇಕೆಂದು ತೀರ್ಮಾನಿಸುತ್ತದೆ. ವರ್ಷಗಟ್ಟಲೆ ಇದನ್ನು ಕಲಿಸಿದರೂ ನನಗೆ ಇದರ ಬೆರಗು ಇನ್ನೂ ಹೋಗಿಲ್ಲ. ಹೊರಗಿನ ಪದರ ಮುಂದೆ ಮುಖ್ಯವಾಗಿ ಮಾಸು (ಪ್ಲಾಸೆಂಟಾ) ಆಗುತ್ತದೆ. ಮಗು ಆಗುವುದು ಒಳಗಿನ ಗುಂಪಿನಿಂದ.

ಪರೀಕ್ಷೆಗೆ ಲೇಸರಿನಿಂದ ಭ್ರೂಣದ ಹೊದಿಕೆಯಲ್ಲಿ ಕಂಡಿ ಮಾಡಿ ಐದರಿಂದ ಹತ್ತು ಕೋಶ ತೆಗೆಯುತ್ತಾರೆ. ತೆಗೆಯುವುದು ಹೊರಗಿನ ಪದರದಿಂದ, ಮಾಸಿನ ಕಡೆಯಿಂದ. ಒಳಗಿನ ಗುಂಪನ್ನು ಮುಟ್ಟುವುದಿಲ್ಲ, ಮುಟ್ಟಲೂಬಾರದು. ಬೆಂದಿದೆಯೇ ಎಂದು ನೋಡಲು ನಾವು ಅನ್ನದಿಂದ ಒಂದೇ ಅಗುಳು ಹಿಸುಕುತ್ತೇವೆ. ಇಡೀ ಪಾತ್ರೆ ಒಂದೇ ಸಮ ಬೇಯುವುದರಿಂದ ಆ ಲೆಕ್ಕ ನಡೆಯುತ್ತದೆ. ಮೊಸಾಯಿಕ್ ಭ್ರೂಣದಲ್ಲಿ ಅದು ನಡೆಯುವುದಿಲ್ಲ. ತೆಗೆದ ಏಳೆಂಟು ಕೋಶದಲ್ಲಿ ಎರಡು ತಪ್ಪಿದ್ದರೆ ಒಳಗಿನ ಗುಂಪಿನಲ್ಲೂ ಅದೇ ಪ್ರಮಾಣದಲ್ಲಿ ತಪ್ಪಿದೆ ಎಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಯಾವ ತಪ್ಪೂ ಸಿಗದಿದ್ದರೆ ಒಳಗೆ ಎಲ್ಲ ನೆಟ್ಟಗಿದೆ ಎಂದೂ ಹೇಳಲಾಗದು.

ಇದು ನನ್ನ ಸ್ವಂತ ತರ್ಕವಲ್ಲ. ಸರಿಯಾದ ಭ್ರೂಣ ಒಂದೂ ಸಿಗದ ಮಹಿಳೆಯರಿಗೆ ಇಟಲಿಯ ವೈದ್ಯರು 18 ಮೊಸಾಯಿಕ್ ಭ್ರೂಣಗಳನ್ನು ವರ್ಗಾಯಿಸಿದ್ದರು. ಅವುಗಳಿಂದ 6 ಆರೋಗ್ಯವಂತ ಮಕ್ಕಳು ಹುಟ್ಟಿದ್ದನ್ನು 2015ರಲ್ಲಿ ವರದಿ ಮಾಡಿದರು. ಮರುವರ್ಷ ಕೇಂಬ್ರಿಜ್‌ನಲ್ಲಿ ಮಗ್ದಲೇನಾ ಝೆರ್ನಿಕಾ-ಗೋಟ್ಸ್ ಅವರ ತಂಡ ಇಲಿಯ ಮೊಸಾಯಿಕ್ ಭ್ರೂಣಗಳಲ್ಲಿ ಒಂದು ಸಂಗತಿ ತೋರಿಸಿತು: ಮಗುವಾಗುವ ಗುಂಪಿನಲ್ಲಿದ್ದ ತಪ್ಪು ಕೋಶಗಳು ಸತ್ತು ಮರೆಯಾಗುತ್ತಿದ್ದವು, ಮಾಸಾಗುವ ಪದರದಲ್ಲಿದ್ದವು ಬೆಳವಣಿಗೆ ಕುಂಟಿದರೂ ಉಳಿದುಕೊಳ್ಳುತ್ತಿದ್ದವು. ತಾವು ಗರ್ಭಿಣಿಯಾಗಿದ್ದಾಗ ಮಾಸಿನ ಪರೀಕ್ಷೆಯಲ್ಲಿ ಅಸಹಜ ಕೋಶಗಳು ಕಂಡು, ಕೊನೆಗೆ ಆರೋಗ್ಯವಂತ ಮಗು ಹುಟ್ಟಿದ್ದೇ ಈ ಪ್ರಶ್ನೆಯ ಬೆನ್ನು ಹತ್ತಲು ಕಾರಣವಾಯಿತು ಎಂದು ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ.

ಭಾಂಡುಪಿನವಳ ಆ ಭ್ರೂಣ ಮಗುವಾಗುತ್ತಿತ್ತು ಎಂದು ನಾನು ವಾದಿಸುತ್ತಿಲ್ಲ. ಬಹುಶಃ ಗರ್ಭಕೋಶಕ್ಕೆ ಅಂಟಿಕೊಳ್ಳುತ್ತಲೇ ಇರಲಿಲ್ಲ. ಅಂಟಿಕೊಂಡರೂ ಗರ್ಭಪಾತವಾಗಬಹುದಿತ್ತು, ಮೊಸಾಯಿಕ್ ಭ್ರೂಣಗಳಲ್ಲಿ ಆ ಅಪಾಯ ಹೆಚ್ಚು. ಅವರೇ ಬೇಡ ಎನ್ನಬಹುದಿತ್ತು. ಆದರೆ ಹಾಗೆ ಹೇಳುವ ಅವಕಾಶ ಅವರಿಗೆ ಸಿಗಲಿಲ್ಲ. ತಮ್ಮದೇ ಭ್ರೂಣದ ಬಗ್ಗೆ ಒಂದು ತೀರ್ಮಾನ ತೆಗೆದುಕೊಳ್ಳುವುದಿತ್ತು ಎಂಬ ಸಂಗತಿಯೇ ಅವರಿಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ, ನನ್ನ ಊಟದ ಮೇಜಿನ ಮುಂದೆ ಕೂತಾಗ.

ಇನ್ನು ಈ ಪರೀಕ್ಷೆಯನ್ನು ಮಾರುತ್ತಿರುವ ಬಗೆ. ಲೋಕಲ್ ರೈಲಿನ ಡಬ್ಬಿಗಳಲ್ಲಿ, ಆಟೋಗಳ ಬೆನ್ನಿನಲ್ಲಿ ಐವಿಎಫ್ ಜಾಹೀರಾತುಗಳನ್ನು ನೀವೂ ನೋಡಿರುತ್ತೀರಿ. ಪರೀಕ್ಷೆ ಮಾಡಿಸಿದರೆ ಮಗು ಆಗುವ ಸಾಧ್ಯತೆ ಹೆಚ್ಚುತ್ತದೆ ಎಂಬ ಭಾವನೆಯನ್ನು ಕೇಂದ್ರಗಳಲ್ಲಿ ಬಿತ್ತುತ್ತಾರೆ. 25ರಿಂದ 40 ವರ್ಷದ ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ‘ಸ್ಟಾರ್’ ಎಂಬ ಅಧ್ಯಯನದಲ್ಲಿ, ವರ್ಗಾಯಿಸಿದ ಭ್ರೂಣಗಳ ಪೈಕಿ ಗರ್ಭ ಮುಂದುವರಿದದ್ದು ಪರೀಕ್ಷೆ ಮಾಡಿಸಿದವರಲ್ಲಿ ಶೇ. 50, ಮಾಡಿಸದವರಲ್ಲಿ ಶೇ. 46. ಈ ವ್ಯತ್ಯಾಸಕ್ಕೆ ಸಂಖ್ಯಾಶಾಸ್ತ್ರದ ಬಲ ಇರಲಿಲ್ಲ, ಅದು ಆಕಸ್ಮಿಕವೂ ಇರಬಹುದು. ಅದರೊಳಗೆ 35 ದಾಟಿದವರಲ್ಲಿ ಸ್ವಲ್ಪ ಲಾಭ ಕಂಡಿತ್ತು, ಅದನ್ನೂ ಹೇಳಬೇಕು. ಚೀನಾದಲ್ಲಿ 1,212 ಮಹಿಳೆಯರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೊನೆಗೆ ಮಗು ಪಡೆದವರು ಪರೀಕ್ಷೆಯ ಗುಂಪಿನಲ್ಲಿ ಶೇ. 77.2, ಪರೀಕ್ಷೆ ಇಲ್ಲದ ಗುಂಪಿನಲ್ಲಿ ಶೇ. 81.8. ಗರ್ಭಪಾತ ಮಾತ್ರ ಪರೀಕ್ಷೆ ಮಾಡಿಸಿದವರಲ್ಲಿ ಕಡಿಮೆ ಇತ್ತು. ಇವರೆಲ್ಲ 37 ವರ್ಷದೊಳಗಿನವರು, ಒಳ್ಳೆಯ ಭ್ರೂಣಗಳು ಮೂರಾದರೂ ಇದ್ದವರು. ಮೇಲಿಂದ ಮೇಲೆ ಗರ್ಭಪಾತವಾದವರಿಗೆ, ವರ್ಣತಂತುಗಳಲ್ಲಿ ಅದಲುಬದಲು ಇರುವ ದಂಪತಿಗೆ, ಥಲಸ್ಸೇಮಿಯಾದಂಥ ರೋಗ ಹೊತ್ತ ಕುಟುಂಬಗಳಿಗೆ ಭ್ರೂಣ ಪರೀಕ್ಷೆಯಿಂದ ನಿಜವಾದ ಉಪಕಾರವಿದೆ. ಪರೀಕ್ಷೆಯನ್ನೇ ನಿಲ್ಲಿಸಿ ಎಂದು ಕೇಳುವ ಮೂರ್ಖತನ ನನಗಿಲ್ಲ. ಎಲ್ಲರಿಗೂ ಒಂದೇ ಮಾತು ಹೇಳಿ ಮಾರಬೇಡಿ ಎನ್ನುತ್ತಿದ್ದೇನೆ.

ಈಗ ಕಾನೂನಿನ ಮಾತು. 2021ರ ಎಆರ್‌ಟಿ ಕಾಯ್ದೆ ಎಲ್ಲ ಪಕ್ಷಗಳ ತಿಳಿವಳಿಕೆಯುಳ್ಳ ಲಿಖಿತ ಒಪ್ಪಿಗೆಯನ್ನು ಕಡ್ಡಾಯ ಮಾಡಿದೆ. ಚಿಕಿತ್ಸೆಯ ಅನುಕೂಲ, ಅನನುಕೂಲ, ಖರ್ಚು, ಯಶಸ್ಸಿನ ಸಾಧ್ಯತೆಗಳನ್ನು ದಂಪತಿಗೆ ಹೇಳಬೇಕೆಂದಿದೆ. ಭ್ರೂಣ ಪರೀಕ್ಷೆ ಇರುವುದು ಗೊತ್ತಿರುವ, ಮೊದಲೇ ಇರುವ, ಆನುವಂಶಿಕ ಅಥವಾ ಜೆನೆಟಿಕ್ ಕಾಯಿಲೆಗಳನ್ನು ಹುಡುಕಲು ಮಾತ್ರ ಎಂದೂ ಅದೇ ಕಾಯ್ದೆ ಹೇಳುತ್ತದೆ. ಯಾವ ಕಾಯಿಲೆಯ ಹಿನ್ನೆಲೆಯೂ ಇಲ್ಲದ ದಂಪತಿಗೆ ‘ಒಳ್ಳೆಯದನ್ನು ಆರಿಸಲು’ ಮಾಡುವ ಪರೀಕ್ಷೆ ಈ ಮಾತಿನೊಳಗೆ ಹೇಗೆ ಹಿಡಿಸುತ್ತದೆ ಎಂಬುದಕ್ಕೆ ಮಂಡಳಿ ಬಾಯಿಬಿಟ್ಟು ಉತ್ತರ ಕೊಡಬೇಕು.

ಲಿಂಗಪತ್ತೆಯನ್ನು ತಡೆಯಲು ದೇಶದಲ್ಲೇ ಮೊದಲು, 1988ರಲ್ಲಿ, ಕಾಯ್ದೆ ಮಾಡಿದ ರಾಜ್ಯ ಇದು. ಅದರ ಹಿಂದೆಯೇ ಬಂದ 1994ರ ಕೇಂದ್ರ ಕಾಯ್ದೆಯಲ್ಲಿ, ಗರ್ಭಿಣಿಗೆ ಪರೀಕ್ಷೆ ಮಾಡುವ ಮೊದಲು ಅದರ ಅಡ್ಡಪರಿಣಾಮಗಳನ್ನು ವಿವರಿಸಬೇಕು, ಆಕೆಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆಯಬೇಕು, ಅದರ ಪ್ರತಿಯನ್ನು ಆಕೆಯ ಕೈಗೆ ಕೊಡಬೇಕು ಎಂದು ಸ್ಪಷ್ಟವಾಗಿ ಬರೆದಿದೆ. ಭ್ರೂಣ ಹೊಟ್ಟೆಯೊಳಗಿದ್ದಾಗ ತಾಯಿಗೆ ಸಿಗುವ ಈ ಮರ್ಯಾದೆ, ಅದು ಲ್ಯಾಬಿನ ತಟ್ಟೆಯಲ್ಲಿದ್ದಾಗ ಯಾಕೆ ಸಿಗಬಾರದು?

ಕಾಗದಪತ್ರದ ಮೇಲೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಮುಂಬಯಿಯ ಪರೇಲಿನ ಇತಿಹಾಸವೂ ಕಾರಣ. 1986ರ ಆಗಸ್ಟ್ 6ರಂದು ಕೆಇಎಂ ಆಸ್ಪತ್ರೆಯಲ್ಲಿ ಐವಿಎಫ್ ಮಗು ಹುಟ್ಟಿತು. ಅದರ ಹಿಂದೆ ಡಾ. ಇಂದಿರಾ ಹಿಂದುಜಾ ಮತ್ತು ಪರೇಲಿನದೇ ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆಯ ಡಾ. ಟಿ.ಸಿ. ಆನಂದ್ ಕುಮಾರ್ ಇದ್ದರು. ದೇಶದ ಮೊದಲ ಪ್ರನಾಳ ಶಿಶು ಎಂದು ಎಲ್ಲೆಡೆ ಹೊಗಳಿಕೆ. ಮುಂದೆ ಆನಂದ್ ಕುಮಾರ್ ಅವರು ಕೋಲ್ಕತ್ತದ ಡಾ. ಸುಭಾಷ್ ಮುಖೋಪಾಧ್ಯಾಯರು ಬಿಟ್ಟುಹೋಗಿದ್ದ ಟಿಪ್ಪಣಿಗಳನ್ನು ಓದಿದರು. 1978ರ ಅಕ್ಟೋಬರಿನಲ್ಲೇ ಅಲ್ಲಿ ಮಗು ಹುಟ್ಟಿತ್ತೆಂದು ಮನಗಂಡು, 1997ರಲ್ಲಿ ಮೊದಲಿಗನ ಕಿರೀಟವನ್ನು ತಮ್ಮ ತಲೆಯಿಂದ ತೆಗೆದು ಅವರಿಗೆ ಸಲ್ಲಿಸಿದರು. ಆ ಹೊತ್ತಿಗೆ ಮುಖೋಪಾಧ್ಯಾಯರು ತಮ್ಮ ಸಾಧನೆಯನ್ನು ನಂಬದವರ ಅವಮಾನ ತಾಳಲಾರದೆ ಪ್ರಾಣ ಬಿಟ್ಟು ಹದಿನಾರು ವರ್ಷ ಆಗಿತ್ತು. ಬರೆದಿಟ್ಟ ಹಾಳೆಗಳು ಉಳಿದಿದ್ದರಿಂದ ಮಾತ್ರ ಅವರಿಗೆ ನ್ಯಾಯ ಸಿಕ್ಕಿತು. ಇವತ್ತು ಮುಂಬಯಿಯಲ್ಲಿ ಚಿಕಿತ್ಸೆ ಪಡೆಯುವ ದಂಪತಿಗಳ ಕೈಗೆ ವರದಿಯ ಎಲ್ಲ ಪುಟಗಳೂ ಸಿಗುವುದಿಲ್ಲ. ಎಷ್ಟೋ ಮಂದಿಗೆ ವಾಟ್ಸಾಪಿನಲ್ಲಿ ಮೊದಲ ಪುಟದ ಫೋಟೊ ಬರುತ್ತದೆ, ಅಷ್ಟೇ. ಭಾಂಡುಪಿನವರ ಫೈಲಿನಲ್ಲಿ ಹಿಂದಿನ ಪುಟಗಳು ಇದ್ದದ್ದು ಗಂಡ ಹಟ ಹಿಡಿದು ಕೇಳಿ ತಂದದ್ದರಿಂದ.

ಆದ್ದರಿಂದ ಮಂಡಳಿಯಲ್ಲಿ ನನ್ನ ಬೇಡಿಕೆ ಹೀಗಿದೆ. ಪರೀಕ್ಷೆಗೆ ಒಳಪಟ್ಟ ಯಾವ ಭ್ರೂಣವನ್ನೂ, ಪೂರ್ತಿ ವರದಿ ದಂಪತಿಯ ಕೈ ಸೇರಿ, ಅದನ್ನು ಯಾರಾದರೂ ಅವರ ಭಾಷೆಯಲ್ಲಿ ವಿವರಿಸಿ, ನಾಶಪಡಿಸಲು ಅವರು ಹೊಸದಾಗಿ ಸಹಿ ಹಾಕುವವರೆಗೆ ಮುಟ್ಟಬಾರದು. ಅಂಡಾಣು ತೆಗೆಯುವ ಬೆಳಿಗ್ಗೆ ಹಾಕಿಸಿಕೊಂಡ ಸಹಿ ಇದಕ್ಕೆ ಸಲ್ಲಬಾರದು, ಮೊದಲೇ ಗುರುತು ಅಚ್ಚಾದ ಚೌಕಗಳಂತೂ ಇರಲೇಬಾರದು. ಭ್ರೂಣಗಳನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ 10 ವರ್ಷ ಇಡಲು ಕಾಯ್ದೆಯೇ ಅವಕಾಶ ಕೊಟ್ಟಿರುವಾಗ ಎರಡು ತಿಂಗಳು ಕಾಯುವುದು ಯಾವ ಕೇಂದ್ರಕ್ಕೂ ಹೊರೆಯಾಗದು. ಮೊಸಾಯಿಕ್ ಫಲಿತಾಂಶವನ್ನು ‘ಅಸಹಜ’ದ ಜೊತೆ ಸೇರಿಸದೆ ಬೇರೆಯಾಗಿ, ಮೊದಲ ಪುಟದಲ್ಲೇ ಬರೆಯುವಂತೆ ಆದೇಶಿಸಿ. ಪರೀಕ್ಷೆಯಿಂದ ಯಾರಿಗೆ ಲಾಭ, ಯಾರಿಗೆ ಇಲ್ಲ ಎಂದು ತಿಳಿಸುವ ಎರಡು ಪುಟದ ಕರಪತ್ರವನ್ನು ಮಂಡಳಿಯೇ ಮರಾಠಿ, ಹಿಂದಿ, ಗುಜರಾತಿ, ಉರ್ದು, ಕನ್ನಡ, ತೆಲುಗು, ತಮಿಳಿನಲ್ಲಿ ಅಚ್ಚು ಹಾಕಿಸಿ ಪ್ರತಿ ಕೇಂದ್ರದಲ್ಲಿಡಲಿ. ಪರೇಲಿನ ಅದೇ ಸಂಸ್ಥೆ ಇಂದು ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) ರಾಷ್ಟ್ರೀಯ ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯ ಸಂಶೋಧನಾ ಸಂಸ್ಥೆಯಾಗಿ ನಿಮ್ಮೂರಲ್ಲೇ ಇದೆ, ಬರೆಯಲು ಬಲ್ಲವರಿಗೆ ಕೊರತೆಯಿಲ್ಲ. ಕನ್ನಡದ ಕರಡನ್ನು ನಾನೇ ಸಂಬಳವಿಲ್ಲದೆ ಮಾಡಿಕೊಡುತ್ತೇನೆ.

ಪ್ರತಿ ಕ್ಲಿನಿಕ್ಕಿನಲ್ಲೂ ದೂರು ಆಲಿಸುವ ಘಟಕ ಇರಬೇಕೆಂದು ಕಾಯ್ದೆ ಹೇಳುತ್ತದೆ. ನಾವು ಹೋದ ಕಡೆ ಆ ಘಟಕ ಎಲ್ಲಿದೆ ಎಂದು ಕೇಳಿದಾಗ ಕೌಂಟರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀವು ತಪಾಸಣೆಗೆ ಹೋಗುವಾಗ ಲ್ಯಾಬಿನ ಯಂತ್ರಗಳ ಜೊತೆಗೆ ಇದನ್ನೂ ಕೇಳಿ ನೋಡಿ.

ದಂಪತಿಯ ಒಪ್ಪಿಗೆ ಪಡೆದು, ಅವರ ಹೆಸರು, ವಿಳಾಸ ಮುಚ್ಚಿದ ದಾಖಲೆಗಳ ನೆರಳಚ್ಚನ್ನು ಮರಾಠಿ ಪತ್ರದೊಂದಿಗೆ ಲಗತ್ತಿಸಿದ್ದೇನೆ. ಉತ್ತರವನ್ನು ಲಿಖಿತವಾಗಿ, ಸಾಧ್ಯವಾದರೆ ಅವರಿಗೂ ಓದಲು ಬರುವ ಭಾಷೆಯಲ್ಲಿ ಕೊಡಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ,
ಡೊಂಬಿವಲಿ (ಪೂರ್ವ)